ಕಲ್ಲಿಗೆ ಹೊಳಪು ಬೇಕು, ಯಂತ್ರ ಬೇಡ

ಮಕ್ಕಳೇ,

ಮಾಂಜ್ರಾ ನದಿಯ ದಂಡೆಯಲ್ಲಿ ಹೊಳೆಯುವ ಕಲ್ಲೊಂದನ್ನು ಆರಿಸಿ ಮನೆಗೆ ತಂದಿದ್ದೀರಾ? ನೀರಿನಲ್ಲಿ ಚೆಂದ ಕಂಡ ಕಲ್ಲು ಜೇಬಿನಲ್ಲಿ ಒಣಗಿದ ಮೇಲೆ ಮಂಕಾಗಿಬಿಡುತ್ತದೆ. ಏಕೆ? ಕಲ್ಲಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳಿರುತ್ತವೆ. ಅವು ಬೆಳಕನ್ನು ದಿಕ್ಕುದಿಕ್ಕಿಗೆ ಚದುರಿಸುತ್ತವೆ. ನೀರು ಆ ಗೀರುಗಳನ್ನು ತುಂಬಿ ಮೈಯನ್ನು ಸಮ ಮಾಡುತ್ತದೆ. ನೀರಿಲ್ಲದೆಯೂ ಮೈ ಸಮವಾಗಿರುವಂತೆ ಉಜ್ಜುವುದೇ ಪಾಲಿಶ್.

ಈಗ ಇದಕ್ಕೆ ಕೈಯಲ್ಲಿ ಹಿಡಿಯುವ ಪುಟ್ಟ ತಿರುಗು ಯಂತ್ರಗಳು ಸಿಗುತ್ತವೆ. ಒಂದು ಬಿಟ್ ಸಿಕ್ಕಿಸಿದರೆ ಕಲ್ಲಿಗೆ ತೂತು ಕೊರೆಯಬಹುದು, ಇನ್ನೊಂದು ಸಿಕ್ಕಿಸಿದರೆ ಉಜ್ಜಬಹುದು. ನಿಮಿಷಕ್ಕೆ ಸಾವಿರಾರು ಸುತ್ತು! ಅಣ್ಣನೋ ಕಾಕಾನೋ ಮನೆಗೆ ತಂದರೆ ನಿಮಗೂ ಆಸೆಯಾಗುವುದು ಸಹಜ. ಆದರೆ ಅದರಿಂದ ಮನೆಯಲ್ಲಿ ಕಲ್ಲು ಕೊರೆಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕೈಗೆ ಗಾಯವಾದೀತು ಎಂಬುದು ಚಿಕ್ಕ ಕಾರಣ. ದೊಡ್ಡ ಕಾರಣ ಧೂಳು.

ಭಾಲ್ಕಿ, ಔರಾದ ಕಡೆಯ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸ ತಣ್ಣಗಾಗಿ ಆದದ್ದು. ಇಂಥ ಕಲ್ಲಿನೊಳಗಿನ ಗುಳ್ಳೆಗಳಲ್ಲಿ ಬೆಣಚು, ಅಗೇಟ್ ಬೆಳೆಯುತ್ತವೆ. ನಿಮ್ಮ ಜೇಬು ಸೇರುವ ಚೆಂದದ ಕಲ್ಲುಗಳು ಹೆಚ್ಚಾಗಿ ಇವೇ. ಇವೆರಡೂ ಸಿಲಿಕಾ. ಒಣಗಿದ ಕಲ್ಲನ್ನು ಯಂತ್ರದಿಂದ ಕೊರೆದಾಗ ಏಳುವ ಧೂಳಿನಲ್ಲಿ ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಸಣ್ಣ ಕಣಗಳೂ ಇರುತ್ತವೆ. ಮೂಗಿನ ಕೂದಲು ಅವನ್ನು ತಡೆಯಲಾರದು. ಕರವಸ್ತ್ರ ಕಟ್ಟಿದರೂ ಒಳಗೆ ಹೋಗುತ್ತವೆ. ಶ್ವಾಸಕೋಶದ ಆಳದಲ್ಲಿ ಕುಳಿತು ಅಲ್ಲಿ ಕಲೆಗಟ್ಟಿಸುತ್ತವೆ. ಈ ರೋಗದ ಹೆಸರು ಸಿಲಿಕೋಸಿಸ್. ಇದನ್ನು ಗುಣಪಡಿಸುವ ಔಷಧಿ ಇಲ್ಲ.

ಗುಜರಾತಿನ ಖಂಭಾತ ಅಗೇಟ್ ಮಣಿಗಳಿಗೆ ಹೆಸರಾದ ಊರು. ಅಲ್ಲಿ ಮನೆಗಳಲ್ಲೇ ಚಕ್ರಕ್ಕೆ ಕಲ್ಲು ಒತ್ತಿ ಉಜ್ಜುವವರನ್ನು ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಪರೀಕ್ಷಿಸಿ, ಅನೇಕರಲ್ಲಿ ಈ ರೋಗ ಕಂಡರು. ಚಕ್ರ ಮುಟ್ಟದ ಮನೆಮಂದಿಗೂ ಧೂಳು ತಗುಲಿತ್ತು. ಒಂದು ದಿನ ಕೊರೆದರೆ ರೋಗ ಬರುತ್ತದೆ ಎಂದು ಹೆದರಿಸುತ್ತಿಲ್ಲ. ಆದರೆ ಹವ್ಯಾಸ ಒಂದು ದಿನಕ್ಕೆ ನಿಲ್ಲುತ್ತದೆಯೇ? ಮನೆಯಲ್ಲಿ ಪುಟ್ಟ ತಂಗಿಯೂ ಉಸಿರಾಡುತ್ತಾಳಲ್ಲ!

“ಸರ್, ನೀರು ಹಾಕಿ ಕೊರೆದರೆ?” ಎಂದು ನೀವು ಕೇಳುತ್ತೀರಿ. ಒಳ್ಳೆಯ ಪ್ರಶ್ನೆ. ನೀರು ಧೂಳನ್ನು ಬಹುಮಟ್ಟಿಗೆ ಹಿಡಿಯುತ್ತದೆ. ಆದರೆ ಕರೆಂಟಿನ ಯಂತ್ರದ ಪಕ್ಕ ನೀರು ಇಡುವುದು ಇನ್ನೊಂದು ಅಪಾಯ.

ಹಾಗಾದರೆ ಹೊಳಪು ಬೇಡವೇ? ಬೇಕು, ಕೈಯಿಂದಲೇ ತನ್ನಿ. ನಮ್ಮ ಕಡೆ ಮನೆಗಳಿಗೆ ಹಾಸುವ ಶಹಾಬಾದ್ ಕಲ್ಲಿನ ಒಡೆದ ಚೂರು ಸಾಕು. ಅದು ಸುಣ್ಣಕಲ್ಲು. ಮೋಸ್ ಎಂಬ ವಿಜ್ಞಾನಿಯ ಗಡಸುತನದ ಅಳತೆಯಲ್ಲಿ ಸುಮಾರು 3; ಬೆಣಚು 7. ಕಬ್ಬಿಣದ ಮೊಳೆಯಿಂದ ಗೀರಿ ನೋಡಿ, ವ್ಯತ್ಯಾಸ ತಿಳಿಯುತ್ತದೆ. ಬಣ್ಣದ ಅಂಗಡಿಯಲ್ಲಿ ವಾಟರ್ ಪೇಪರ್ ಸಿಗುತ್ತದೆ. 220, 400, 800, 1000 ನಂಬರಿನವು ಒಂದೊಂದು ಹಾಳೆ ತನ್ನಿ. ನಂಬರು ಹೆಚ್ಚಿದಂತೆ ಕಾಗದ ನುಣುಪು. 220ರಿಂದ ಶುರು ಮಾಡಿ. ಕಾಗದ, ಕಲ್ಲು ಎರಡೂ ಸದಾ ಒದ್ದೆ ಇರಲಿ. ಹಿಂದಿನ ಕಾಗದದ ಗೀರು ಪೂರ್ತಿ ಹೋಗುವವರೆಗೆ ಮುಂದಿನ ನಂಬರಿಗೆ ಹೋಗಬೇಡಿ. ಅವಸರ ಮಾಡಿದವರ ಕಲ್ಲು ಹೊಳೆಯುವುದಿಲ್ಲ. ಪ್ರತಿ ಸಲವೂ ಕಲ್ಲು ತೊಳೆಯಿರಿ. ರಾಡಿ ಒಣಗುವ ಮೊದಲೇ ಒದ್ದೆ ಬಟ್ಟೆಯಿಂದ ಒರೆಸಿ. ಬೀದರ ನಗರದ ಬಿದರಿ ಕುಶಲಕರ್ಮಿಗಳದೂ ಇದೇ ಕ್ರಮ: ಎರಕದ ಪಾತ್ರೆಯನ್ನು ಮೊದಲು ಅರದಿಂದ, ಆಮೇಲೆ ಕಾಗದದಿಂದ ಉಜ್ಜುತ್ತಾರೆ.

ನಮ್ಮ ಕೆಂಪು ಜಂಬಿಟ್ಟಿಗೆ ಕಲ್ಲು ಮಾತ್ರ ಎಷ್ಟು ಉಜ್ಜಿದರೂ ಕನ್ನಡಿಯಾಗದು, ಮೈತುಂಬ ತೂತು. (ಅದಕ್ಕಾಗಿ ಬೀದರ ಕೋಟೆಯಿಂದ ಚೂರು ಎತ್ತಿ ತರಬೇಡಿ, ಅದು ಸಂರಕ್ಷಿತ ಸ್ಮಾರಕ!)

ವಿಜ್ಞಾನ ವಸ್ತುಪ್ರದರ್ಶನಕ್ಕೆ ಕಲ್ಲು ತರುವವರು ಅರ್ಧ ಭಾಗ ಮಾತ್ರ ಉಜ್ಜಿ, ಉಳಿದರ್ಧ ಒರಟಾಗಿಯೇ ಬಿಡಿ. ಎಲ್ಲಿ ಸಿಕ್ಕಿತು, ಎಷ್ಟು ದಿನ ಉಜ್ಜಿದಿರಿ ಎಂದು ಚೀಟಿ ಅಂಟಿಸಿ. ಯಂತ್ರದಿಂದ ಫಳಫಳ ಹೊಳೆಯುವ ಹತ್ತು ಕಲ್ಲುಗಳಿಗಿಂತ ನಾನು ಅದರ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತೇನೆ.