ಅದು ಹಟ ಅಲ್ಲ, ನಮಗೆ ತಿಳಿಯದ ಮಾತು

ಕಳೆದ ಭಾರತ ಹುಣ್ಣಿಮೆಗೆ ಅಕ್ಕ ಮತ್ತು ಅವಳ ನಾಲ್ಕು ವರ್ಷದ ಮಗನ ಜೊತೆ ಎಲ್ಲಮ್ಮನ ಗುಡ್ಡಕ್ಕೆ ಹೋಗಿದ್ದೆ. ಸವದತ್ತಿಯವರಿಗೆ ಆ ಜಾತ್ರೆ ಹೊಸದಲ್ಲ. ಚೌಡಿಕೆ ಸದ್ದು, ‘ಉಧೋ ಉಧೋ’ ಕೂಗು, ಗಾಳಿ ತುಂಬ ಭಂಡಾರ, ಮೈಗೆ ಮೈ ತಾಗುವ ಜನ. ಹುಡುಗ ಮೊದಲು ಕಿವಿ ಮುಚ್ಚಿಕೊಂಡ. ಆಮೇಲೆ ಅಕ್ಕನ ಸೆರಗಿನಲ್ಲಿ ಮುಖ ಹುದುಗಿಸಿದ. ಕೊನೆಗೆ ನೆಲಕ್ಕೆ ಬಿದ್ದು ಚೀರತೊಡಗಿದ, ನಡುವೆ ಒಮ್ಮೆ ನಕ್ಕ. ಒಬ್ಬರು ‘ದೃಷ್ಟಿ ಆಗೇತಿ’ ಅಂದರು. ಇನ್ನೊಬ್ಬರು ‘ಎರಡು ಏಟು ಹಾಕ್ರಿ, ಸುಮ್ಮನಾಗ್ತಾನ’ ಅಂದರು. ಒಬ್ಬ ಅಜ್ಜಿ ನೇರ ಅಕ್ಕನನ್ನೇ ಕೇಳಿದಳು: ‘ಏನವ್ವಾ, ಕೂಸಿಗೆ ಇಷ್ಟೂ ಕಲಿಸಿಲ್ಲೇನು?’ ನಾನೂ ಸುಮ್ಮನಿರಲಿಲ್ಲ. ‘ಹಟ ಬಿಡೋ’ ಅಂತ ಗದರಿದೆ.

ಮೂರು ತಿಂಗಳ ಬಳಿಕ ಧಾರವಾಡದ ವೈದ್ಯರೊಬ್ಬರು ‘ಆಟಿಸಂ’ ಅಂದರು. ಅವತ್ತಿನ ನನ್ನ ಗದರಿಕೆ ಎಷ್ಟು ತಪ್ಪಾಗಿತ್ತು ಅನ್ನೋದು ಆಗ ಅರ್ಥವಾಯಿತು.

ಹಟಕ್ಕೊಂದು ಗುರಿ ಇರುತ್ತೆ. ಹಟ ಮಾಡೋ ಮಗು ನಡುನಡುವೆ ನಮ್ಮ ಮುಖ ನೋಡುತ್ತೆ, ಬೇಕಾದ್ದು ಸಿಕ್ಕರೆ ನಿಲ್ಲಿಸುತ್ತೆ. ಆಟಿಸಂ ಇರುವ ಮಗು ಹೀಗೆ ಕುಸಿದಾಗ ಅದಕ್ಕೆ ಏನೂ ಬೇಕಾಗಿರುವುದಿಲ್ಲ. ಸದ್ದು, ಬೆಳಕು, ವಾಸನೆ, ಸ್ಪರ್ಶ ಎಲ್ಲವೂ ಒಟ್ಟಿಗೆ ನುಗ್ಗಿ ತಡೆದುಕೊಳ್ಳಲಾಗದ ಸ್ಥಿತಿ ಅದು. ಆಟಿಕೆ ಕೊಟ್ಟರೂ ನಿಲ್ಲುವುದಿಲ್ಲ, ಹೊಡೆದರೆ ಹೆಚ್ಚುತ್ತದೆ. ಸದ್ದು ಕಡಿಮೆ ಮಾಡಿ, ಮಾತು ಕಡಿಮೆ ಮಾಡಿ, ಪಕ್ಕದಲ್ಲಿ ಕಾಯುವುದೇ ಆಗ ಮಾಡಬಹುದಾದ ಕೆಲಸ. ಹೆದರಿದಾಗ ಬರುವ ನಗು ಕೂಡ ಖುಷಿಯದ್ದೇ ಆಗಿರಬೇಕೆಂದಿಲ್ಲ.

ನಮ್ಮ ಹುಡುಗ ಆಗಾಗ ‘ಬಸ್ ಬಂತು’ ಅನ್ನುತ್ತಾನೆ, ಮನೆಯೊಳಗೆ ಕೂತೇ. ಸುಮ್ಮನೆ ಬಡಬಡಿಸ್ತಾನೆ ಅಂದುಕೊಂಡಿದ್ದೆವು. ಒಮ್ಮೆ ಬಸ್ ನಿಲ್ದಾಣದಲ್ಲಿ ಹಾರ್ನಿಗೆ ಬೆಚ್ಚಿಬಿದ್ದಾಗ ಕೇಳಿದ ಮಾತದು ಅಂತ ಅಕ್ಕ ಕಂಡುಕೊಂಡಳು. ಅವನ ಭಾಷೆಯಲ್ಲಿ ‘ಬಸ್ ಬಂತು’ ಅಂದರೆ ‘ನನಗೆ ಹೆದರಿಕೆ ಆಗ್ತಿದೆ’. ಭಾವನೆ ಮೊದಲಿಂದಲೂ ಇತ್ತು. ನಮಗೆ ಓದಲು ಬರುತ್ತಿರಲಿಲ್ಲ.

ಈ ತಪ್ಪು ಓದು ಜಾತ್ರೆಯ ಜನರದ್ದಷ್ಟೇ ಅಲ್ಲ. 1943ರಲ್ಲಿ ಲಿಯೋ ಕ್ಯಾನರ್ ಆಟಿಸಂ ಬಗ್ಗೆ ಬರೆದ ನಂತರ ದಶಕಗಳ ಕಾಲ ದೊಡ್ಡ ದೊಡ್ಡ ತಜ್ಞರೇ ತಾಯಂದಿರನ್ನು ದೂರಿದರು. ತಾಯಿಯ ಪ್ರೀತಿ ಹೆಪ್ಪುಗಟ್ಟಿದ್ದರಿಂದ ಮಗು ಹೀಗಾಯಿತು ಎಂಬ ವಾದವನ್ನು 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ಪುಸ್ತಕವಾಗಿಯೇ ತಂದರು. ಆ ವಾದ ಸುಳ್ಳೆಂದು ಸಾಬೀತಾಗಿ ಬಹಳ ಕಾಲವಾಯಿತು. ಆದರೂ ಗುಡ್ಡದ ಮೇಲೆ ಅಕ್ಕ ಕೇಳಿದ್ದು ಅದೇ ಆರೋಪ. 2012ರಲ್ಲಿ, ಸ್ವತಃ ಆಟಿಸಂ ಇರುವ ಸಮಾಜವಿಜ್ಞಾನಿ ಡೇಮಿಯನ್ ಮಿಲ್ಟನ್ ಇಡೀ ಪ್ರಶ್ನೆಯನ್ನೇ ತಿರುಗಿಸಿದರು: ಅರ್ಥವಾಗದಿರುವುದು ಎರಡೂ ಕಡೆಯ ಸಮಸ್ಯೆ. ಅವರು ನಮ್ಮನ್ನು ಓದಲು ಕಷ್ಟಪಟ್ಟಂತೆ ನಾವೂ ಅವರನ್ನು ಓದಲು ಸೋಲುತ್ತೇವೆ.

ಹಾಗಾದರೆ ಓದಲು ಕಲಿಸಬೇಕಾದವರು ಯಾರು? ಇಲ್ಲಿಂದ ಇದು ರಾಜಕೀಯದ ಪ್ರಶ್ನೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ವೈಕಲ್ಯಗಳಲ್ಲಿ ಆಟಿಸಂ ಅನ್ನೂ ಸೇರಿಸಿದೆ. ಎಲ್ಲ ಮಕ್ಕಳನ್ನು ವರ್ಷಕ್ಕೊಮ್ಮೆಯಾದರೂ ತಪಾಸಣೆ ಮಾಡಬೇಕು ಎನ್ನುತ್ತದೆ ಅದರ 25ನೇ ಸೆಕ್ಷನ್. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರಬೇಕು. 2023ರಲ್ಲಿ ಅಂಗವಿಕಲ ಮಕ್ಕಳಿಗಾಗಿ ಅಂಗನವಾಡಿ ಮಾರ್ಗಸೂಚಿಯನ್ನೂ ಕೇಂದ್ರ ಬಿಡುಗಡೆ ಮಾಡಿತು. ಕಾಗದದಲ್ಲಿ ಕೊರತೆ ಇಲ್ಲ.

ಆದರೆ ನಮ್ಮ ಹುಡುಗನನ್ನು ಅಂಗನವಾಡಿಗೆ ಸೇರಿಸಿದ ಎರಡನೇ ವಾರಕ್ಕೇ ‘ಸ್ವಲ್ಪ ಸುಧಾರಿಸಿದ ಮ್ಯಾಲೆ ಕರ್ಕೊಂಡು ಬರ್‍ರಿ’ ಅಂದರು. ಆ ಟೀಚರ್ ಮೇಲೆ ನನಗೆ ಸಿಟ್ಟಿಲ್ಲ. ಊಟ ಬಡಿಸಬೇಕು, ತೂಕ ಬರೀಬೇಕು, ಮೊಬೈಲ್‌ನಲ್ಲಿ ವಿವರ ತುಂಬಬೇಕು, ಸಿಗೋದು ಗೌರವಧನ. ಕಿವಿ ಮುಚ್ಚಿಕೊಂಡ ಮಗುವಿನ ಜೊತೆ ಹೇಗಿರಬೇಕು ಅಂತ ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಇನ್ನೊಂದು ತೂತೂ ಇದೆ. ಅದೇ ಕಾಯ್ದೆಯ 31ನೇ ಸೆಕ್ಷನ್ ಉಚಿತ ಶಿಕ್ಷಣದ ಹಕ್ಕು ಕೊಡುವುದು 6ರಿಂದ 18 ವರ್ಷದವರಿಗೆ. ಬೇಗ ನೆರವು ಸಿಕ್ಕಷ್ಟೂ ಒಳ್ಳೆಯದು ಅನ್ನೋ 3, 4, 5ರ ವಯಸ್ಸು ಅದರ ಹೊರಗೇ ಉಳಿಯಿತು.

ಅಕ್ಕ ಈಗ ಥೆರಪಿಗೆ ವಾರಕ್ಕೆರಡು ಸಲ ಧಾರವಾಡಕ್ಕೆ ಹೋಗ್ತಾಳೆ, ಸುಮಾರು 40 ಕಿಲೋಮೀಟರ್. ಶಕ್ತಿ ಯೋಜನೆಯಿಂದ ಅವಳಿಗೆ ಬಸ್ ಪುಕ್ಕಟೆ, ಅದು ಸಣ್ಣ ಸಹಾಯವಲ್ಲ. ಆದರೆ ಹೋದ ದಿನದ ಕೂಲಿ ಹೋದಂತೆಯೇ. ಹಾರ್ನಿಗೆ ಹೆದರುವ ಮಗುವನ್ನು ತುಂಬಿದ ಬಸ್ಸಿನಲ್ಲಿ ಕೂರಿಸಿಕೊಂಡು ಹೋಗೋದು ಅವಳಿಗಷ್ಟೇ ಗೊತ್ತು. ಆ ನೆರವು ತಾಲ್ಲೂಕು ಆಸ್ಪತ್ರೆಯಲ್ಲೇ ಯಾಕೆ ಸಿಗಬಾರದು?

2011ರ ಜನಗಣತಿಯಲ್ಲಿ ಆಟಿಸಂಗೆ ಪ್ರತ್ಯೇಕ ಕಲಂ ಇರಲಿಲ್ಲ. ಎಣಿಸದವರಿಗೆ ಬಜೆಟ್‌ನಲ್ಲಿ ಜಾಗ ಸಿಗುವುದು ಕಷ್ಟ. ಹಾಗಾಗಿ ಲೆಕ್ಕ ಕೇಳುವ ಕೆಲಸ ನಾವೇ ಶುರು ಮಾಡೋಣ. ನಿಮ್ಮೂರಿನ ಮುಂದಿನ ಗ್ರಾಮಸಭೆಯಲ್ಲಿ ಮೂರು ಪ್ರಶ್ನೆ ಕೇಳಿ: ಈ ವರ್ಷ ನಮ್ಮ ಅಂಗನವಾಡಿಗೆ ತಪಾಸಣಾ ತಂಡ ಎಷ್ಟು ಸಲ ಬಂತು? ಎಷ್ಟು ಮಕ್ಕಳನ್ನು ಮುಂದಿನ ಪರೀಕ್ಷೆಗೆ ಕಳಿಸಿತು? ಅವರಲ್ಲಿ ಎಷ್ಟು ಮಂದಿಗೆ ನಿಜಕ್ಕೂ ನೆರವು ಸಿಕ್ಕಿತು? ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ನಾನು ಸವದತ್ತಿಯಲ್ಲಿ ಹಾಕ್ತಿದ್ದೇನೆ.