ಅತ್ತಿಗೆಯವರ ಪ್ರಶ್ನೆ

ನಮ್ಮ ಅತ್ತಿಗೆಯವರು ಮನೆಗೊಂದು ಕಂಪ್ಯೂಟರ್ ಕೊಳ್ಳಹೊರಟಾಗ ಕೇಳಿದ್ದು ಒಂದೇ ಮಾತು: "ಇದರ ಬಾಳಿಕೆ ಎಷ್ಟು ವರ್ಷ?" ಅಂಗಡಿಯಾತ ನಕ್ಕ, ಬಲ್ಲವನೆಂಬ ಬಿಂಕದಲ್ಲಿ ನಾನೂ ನಕ್ಕೆ. 'ಒಂದು ಟೆರಾಬೈಟ್' ಎಂಬ ಚೀಟಿ ತೋರಿಸಿ ಅವರ ಬಾಯಿ ಮುಚ್ಚಿಸಿದೆವು.

ಉತ್ತರ 2025ರ ಅಕ್ಟೋಬರ್ 14ರಂದು ದೊರೆಯಿತು: ವಿಂಡೋಸ್ 10ರ ಸಾಮಾನ್ಯ ಬೆಂಬಲ ಅಂದಿಗೆ ಮುಗಿಯಿತು. ವಿಂಡೋಸ್ 11 ಆದರೋ ಟಿ.ಪಿ.ಎಂ. 2.0 ಎಂಬ ಭದ್ರತಾ ಅಂಗವನ್ನು ಬೇಡುತ್ತದೆ. ಅದಿಲ್ಲದ ಯಂತ್ರ ಸುಸ್ಥಿತಿಯಲ್ಲಿದ್ದರೂ ಹಳತೇ.

ಈಗ ಹೇಳಿ, ಅಜ್ಞಾನಿ ಯಾರು? ಅಕ್ಕಿಯನ್ನು ಅಂಗೈಯಲ್ಲಿ ಉಜ್ಜಿ ನೋಡಿ ಕೊಳ್ಳುವವರ ವಿವೇಕವನ್ನು ಹಾಸ್ಯಮಾಡಿದ ನಾವೇ! ಔಷಧದ ಸೀಸೆಯ ಮೇಲೆ ಅವಧಿ ಅಚ್ಚಾಗುತ್ತದೆ. ಕಂಪ್ಯೂಟರಿನ ಪೆಟ್ಟಿಗೆಯ ಮೇಲೇಕೆ ಬೇಡ? ಗೃಹಿಣಿಯ ಪ್ರಶ್ನೆಗೆ ಉತ್ತರ ಕೊಡಲಾರದವನಿಗೆ ನಗುವ ಹಕ್ಕಿಲ್ಲ.