ಉತ್ತರಕ್ಕೆ ಅಂಕವೋ, ಅಳತೆಗೆ ಅಂಕವೋ?

ಬಿ.ಎಸ್ಸಿ.ಬಿ.ಎಡ್. ಓದುವ ನಾವು ಪಾಠಯೋಜನೆ ಬರೆದೂ ಬರೆದೂ ಕೈ ಪಳಗಿಸಿಕೊಳ್ಳುತ್ತೇವೆ. ಪೀಠಿಕೆ ಹೇಗಿರಬೇಕು, ಕಪ್ಪುಹಲಗೆಯನ್ನು ಹೇಗೆ ಬಳಸಬೇಕು, ಪ್ರಶ್ನೆಯನ್ನು ಇಡೀ ತರಗತಿಗೆ ಕೇಳಿ ಆಮೇಲೆ ಹೆಸರು ಕರೆಯಬೇಕು ಎಂಬುದನ್ನೆಲ್ಲ ಸೂಕ್ಷ್ಮಬೋಧನೆಯಲ್ಲೇ ಕಲಿಯುತ್ತೇವೆ. ನೀಲನಕ್ಷೆ ಸಹಿತ ಪ್ರಶ್ನೆಪತ್ರಿಕೆ ತಯಾರಿಸುತ್ತೇವೆ. ಆದರೆ ಒಂದು ಪ್ರಾಯೋಗಿಕ ಪರೀಕ್ಷೆಯನ್ನು ಸಜ್ಜುಗೊಳಿಸುವುದು ಹೇಗೆ, ಅದು ನಡೆಯುವಾಗ ಏನನ್ನು ನೋಡಬೇಕು ಎಂಬುದನ್ನು ನಮ್ಮ ತರಬೇತಿ ಹೇಳಿಕೊಡುವುದಿಲ್ಲ. ದ್ವಿತೀಯ ಪಿಯುಸಿಯಲ್ಲಾಗಲಿ ಸಿಬಿಎಸ್‌ಇ 12ನೇ ತರಗತಿಯಲ್ಲಾಗಲಿ ಭೌತಶಾಸ್ತ್ರದ 100 ಅಂಕಗಳಲ್ಲಿ 30 ಪ್ರಾಯೋಗಿಕಕ್ಕೆ ಮೀಸಲು. ಇಷ್ಟು ದೊಡ್ಡ ಭಾಗವನ್ನು 'ಶಾಲೆಗೆ ಹೋದಮೇಲೆ ಕಲಿತುಕೊಳ್ಳುತ್ತಾರೆ' ಎಂದು ಬಿಟ್ಟುಬಿಡುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಈ ಬಾರಿಯ ಇಂಟರ್ನ್‌ಶಿಪ್‌ನಲ್ಲಿ 11ನೇ ತರಗತಿಯ ಪ್ರಾಯೋಗಿಕ ಪರೀಕ್ಷೆಗೆ ಸಹಾಯ ಮಾಡುವ ಅವಕಾಶ ನನಗೆ ಸಿಕ್ಕಿತು. ಪರೀಕ್ಷೆಗೆ ಎರಡು ದಿನ ಮೊದಲು ಮಾರ್ಗದರ್ಶಕ ಶಿಕ್ಷಕರು ಒಂದು ಹಳೆಯ ನೋಟ್‌ಬುಕ್ ಕೊಟ್ಟು, "ಪ್ರತಿ ಮೇಜಿನಲ್ಲೂ ನೀವೇ ಪ್ರಯೋಗ ಮಾಡಿ, ಬಂದ ಉತ್ತರ ಬರೆದಿಡಿ. ಉಪಕರಣಕ್ಕೆ ನಂಬರ್ ಹಾಕೋದು ಮರೀಬೇಡಿ" ಎಂದರು. ಅಟೆಂಡರ್ ಜೊತೆಗೆ ಕುಳಿತು ರೆಸಿಸ್ಟೆನ್ಸ್ ಬಾಕ್ಸಿನ ಪ್ಲಗ್ಗುಗಳನ್ನೂ ವೈರುಗಳ ತುದಿಗಳನ್ನೂ ಮರಳು ಕಾಗದದಿಂದ ಉಜ್ಜಿದೆವು. ಪ್ಲಗ್ ಸಡಿಲವಾಗಿದ್ದರೆ ಅಲ್ಲೊಂದು ಲೆಕ್ಕಕ್ಕೆ ಬಾರದ ರೋಧ ಸೇರಿಕೊಳ್ಳುತ್ತದೆ. ಅದಕ್ಕೆ ಮಗು ಹೊಣೆಯಲ್ಲ. ಮಸೂರಗಳಿಗೆ ಚೀಟಿ ಅಂಟಿಸಿ, ದೂರದ ಮರದ ಬಿಂಬವನ್ನು ಗೋಡೆಯ ಮೇಲೆ ಹಿಡಿದು ಒಂದೊಂದರ ಸಂಗಮ ದೂರ ಬರೆದುಕೊಂಡೆವು. ಸ್ಕ್ರೂ ಗೇಜುಗಳ ಸೊನ್ನೆ ದೋಷ ನೋಡಿದೆವು. ಸ್ಟಾಪ್‌ವಾಚುಗಳನ್ನು ಮೊಬೈಲಿನ ಗಡಿಯಾರದೊಂದಿಗೆ ಐದು ನಿಮಿಷ ಓಡಿಸಿದಾಗ ಅವುಗಳಲ್ಲಿ ಒಂದು ಮೂರು ಸೆಕೆಂಡು ಮುಂದೆ ಹೋಯಿತು. ಅದರ ಬದಲಿಗೆ ಕೊಡಲು ಬೇರೊಂದಿರಲಿಲ್ಲ. ಅದಕ್ಕೆ 5 ಎಂದು ಚೀಟಿ ಹಚ್ಚಿ, ಅದರಿಂದ ಸರಳ ಲೋಲಕ ಮಾಡಿದಾಗ ಗುರುತ್ವ ವೇಗೋತ್ಕರ್ಷ ಸುಮಾರು 960 ಬರುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದೆ. ಗಡಿಯಾರ ನೂರಕ್ಕೆ ಒಂದರಷ್ಟು ಮುಂದೆ ಓಡಿದರೆ ಕಾಲದ ವರ್ಗದಿಂದಾಗಿ ಉತ್ತರ ನೂರಕ್ಕೆ ಎರಡರಷ್ಟು ಇಳಿಯುತ್ತದೆ.

ಪರೀಕ್ಷೆಯ ದಿನ ಆ ಗಡಿಯಾರ ಎರಡು ತಂಡಗಳಲ್ಲಿ ಇಬ್ಬರ ಕೈಗೆ ಹೋಯಿತು. ಬೆಳಗಿನ ತಂಡದ ಹುಡುಗಿ 100 ಸೆಂ.ಮೀ. ಉದ್ದದ ಲೋಲಕದ 20 ಆಂದೋಲನಗಳಿಗೆ 40.5 ಸೆಕೆಂಡು ಎಂದು ಬರೆದಿದ್ದಳು. ಅವಳ ಕೊನೆಯ ಉತ್ತರ 963. ಮಧ್ಯಾಹ್ನದ ತಂಡದ ಹುಡುಗ ಅದೇ ಉದ್ದಕ್ಕೆ 40.1 ಸೆಕೆಂಡು ಬರೆದು 981 ತಂದಿದ್ದ. ಅವನ ಕೋಷ್ಟಕ ಅಚ್ಚುಕಟ್ಟಾಗಿತ್ತು. ಐದೂ ಉದ್ದಗಳಿಗೆ ಉತ್ತರ ಹೆಚ್ಚುಕಡಿಮೆ ಒಂದೇ. ಆ ಗಡಿಯಾರದಿಂದ ಐದು ಸಲವೂ ಅಂಥ ಅಳತೆ ಬರಲು ಸಾಧ್ಯವಿಲ್ಲ. ಉತ್ತರದಿಂದ ಹಿಂದಕ್ಕೆ ಲೆಕ್ಕ ಮಾಡಿ ಅಳತೆಯನ್ನು ಹುಟ್ಟಿಸಲಾಗಿತ್ತು.

ಆ ನೋಟ್‌ಬುಕ್ ಇಲ್ಲದಿದ್ದರೆ ಏನಾಗುತ್ತಿತ್ತು? ಫಲಿತಾಂಶದ ನಿಖರತೆಗೆಂದು ಇಟ್ಟ ಅಂಕ ಹುಡುಗನಿಗೆ ಪೂರ್ತಿ ಸಿಗುತ್ತಿತ್ತು, ಪ್ರಾಮಾಣಿಕವಾಗಿ ಅಳೆದವಳಿಗೆ ಕಡಿತವಾಗುತ್ತಿತ್ತು. ಅಂದು ಮಾರ್ಗದರ್ಶಕರು ಹುಡುಗಿಗೆ ಪೂರ್ಣ ಅಂಕ ಕೊಟ್ಟರು. ಹುಡುಗನನ್ನು ಕರೆದು ಅದೇ ಗಡಿಯಾರದಿಂದ ಒಂದು ಉದ್ದಕ್ಕೆ ಮತ್ತೆ ಅಳೆಯಲು ಹೇಳಿದರು. ಬಂದ ಅಳತೆಗೆ ಅಂಕ ಹಾಕಿದರು. ಗದರಲಿಲ್ಲ. ಗದರುವುದು ನ್ಯಾಯವೂ ಆಗುತ್ತಿರಲಿಲ್ಲ. ವರ್ಷವಿಡೀ 'ಉತ್ತರ 980 ಬರಬೇಕು' ಎಂದು ಹೇಳಿದವರು ದೊಡ್ಡವರೇ. ಆ ಮಾತನ್ನು ಅವನು ಪಾಲಿಸಿದ್ದ, ಅಷ್ಟೆ.

ಈ 980ರ ಮೋಹವನ್ನೇ ಸ್ವಲ್ಪ ನೋಡೋಣ. 980.665 ಎಂಬುದು 1901ರಲ್ಲಿ ಅಂತರರಾಷ್ಟ್ರೀಯ ಒಪ್ಪಂದದಿಂದ ನಿಗದಿಯಾದ ಪ್ರಮಾಣಿತ ಬೆಲೆ. ನಮ್ಮ ಬೆಂಗಳೂರು, ಮೈಸೂರಿನ ಸುತ್ತಮುತ್ತ ನಿಜವಾದ ಬೆಲೆ ಸುಮಾರು 978. ಇನ್ನು ಲೋಲಕದ ಪ್ರಯೋಗದಲ್ಲಿ 20 ಆಂದೋಲನಗಳನ್ನು ಎಣಿಸುವಾಗ ಬೆರಳು 0.2 ಸೆಕೆಂಡು ಹಿಂದುಮುಂದಾದರೂ ಉತ್ತರ 10 ಸೆಂ.ಮೀ. ಅತ್ತಿತ್ತ ಹೋಗುತ್ತದೆ. ದಾರದ ಉದ್ದವನ್ನು ಗುಂಡಿನ ಮಧ್ಯದವರೆಗೆ ಅಳೆಯದೆ ಕೊಕ್ಕೆಯವರೆಗೆ ಅಳೆದರೆ ಮತ್ತೊಂದಿಷ್ಟು ಇಳಿಯುತ್ತದೆ. ಆದ್ದರಿಂದ ಇಡೀ ತರಗತಿ 979ಕ್ಕೂ 981ಕ್ಕೂ ನಡುವೆ ನಿಂತರೆ ಮೇಲ್ವಿಚಾರಕರು ಸಂತೋಷಪಡುವ ಬದಲು ಅನುಮಾನಪಡಬೇಕು.

ಉತ್ತರ ತಪ್ಪಾದರೂ ಅಂಕ ಕೊಡುವುದಾದರೆ ಅಜಾಗರೂಕತೆಗೂ ಅಂಕ ಕೊಟ್ಟಂತಾಗುವುದಿಲ್ಲವೇ ಎಂದು ನನ್ನ ಸಹಪಾಠಿಯೊಬ್ಬಳು ಕೇಳಿದಳು. ಪ್ರಶ್ನೆ ಸರಿಯಾದದ್ದೇ. ಆದರೆ ನಾನು ನಿಖರತೆಯ ಅಂಕವನ್ನು ತೆಗೆಯಿರಿ ಎನ್ನುತ್ತಿಲ್ಲ. ಪುಸ್ತಕದ ಬೆಲೆಗೆ ಹೋಲಿಸುವ ಬದಲು ಆ ಮೇಜಿನ ಉಪಕರಣ ಕೊಡಬಲ್ಲ ಬೆಲೆಗೆ ಹೋಲಿಸಿ ಎನ್ನುತ್ತಿದ್ದೇನೆ. ಐದನೇ ಗಡಿಯಾರದಿಂದ 900 ತಂದವರು ಖಂಡಿತ ಅಂಕ ಕಳೆದುಕೊಳ್ಳಲಿ. ಆ ಬೆಲೆ ಗೊತ್ತಿರಬೇಕಾದರೆ ಶಿಕ್ಷಕರು ಮೊದಲೇ ಅಳೆದು ಬರೆದಿಟ್ಟಿರಬೇಕು. ಸಮಯವೆಲ್ಲಿದೆ ಎಂಬುದು ಮುಂದಿನ ಆಕ್ಷೇಪ. ನಾವಿಬ್ಬರು ಹನ್ನೆರಡು ಮೇಜುಗಳನ್ನು ಎರಡು ಮಧ್ಯಾಹ್ನಗಳಲ್ಲಿ ಮುಗಿಸಿದೆವು. ಒಮ್ಮೆ ನಂಬರ್ ಹಾಕಿಟ್ಟರೆ ಮುಂದಿನ ವರ್ಷ ಪರಿಶೀಲನೆಯಷ್ಟೇ ಉಳಿಯುತ್ತದೆ.

ಮೇಲ್ವಿಚಾರಣೆಯ ಬಗ್ಗೆಯೂ ಒಂದು ಮಾತು. ಬರೆಯುವ ಪರೀಕ್ಷೆಯ ಮೇಲ್ವಿಚಾರಕರು ಕಣ್ಣು ಅತ್ತಿತ್ತ ಹೋಗದಂತೆ ಕಾಯುತ್ತಾರೆ. ಪ್ರಾಯೋಗಿಕದಲ್ಲಿ ನೋಡಬೇಕಾದದ್ದು ಕೈಗಳನ್ನು. ಕೀಲಿ ಹಾಕುವ ಮೊದಲು ಮಂಡಲ ಹೇಗಿದೆ, ಅಮ್ಮೀಟರ್ ಸರಣಿಯಲ್ಲಿದೆಯೇ, ಓದಿದ ಮೇಲೆ ಕೀಲಿ ತೆಗೆದು ತಂತಿ ಬಿಸಿಯಾಗದಂತೆ ನೋಡಿಕೊಂಡರೇ, ಸ್ಕ್ರೂ ಗೇಜನ್ನು ಒಂದೇ ದಿಕ್ಕಿನಲ್ಲಿ ತಿರುಗಿಸಿದರೇ, ಸೂಜಿಯ ಬಿಂಬದೊಂದಿಗೆ ಲಂಬನ ಹೋಗಿಸಲು ತಲೆಯನ್ನು ಅತ್ತಿತ್ತ ಆಡಿಸಿದರೇ — ಇವು ಉತ್ತರಪತ್ರಿಕೆಯಲ್ಲಿ ಕಾಣುವುದಿಲ್ಲ. ಒಬ್ಬೊಬ್ಬರ ಬಳಿ ಮೂರು ಸಲ, ಅಂದರೆ ಜೋಡಣೆಯಾದಾಗ, ಮೊದಲ ಅಳತೆಯಲ್ಲಿ, ಕೊನೆಯ ಅಳತೆಯಲ್ಲಿ, ಅರ್ಧ ನಿಮಿಷ ನಿಂತು ಚೀಟಿಯಲ್ಲಿ ಗುರುತು ಹಾಕಿಕೊಂಡರೆ ಸಾಕು. ಅಳತೆಗಳನ್ನು ಪೆನ್ನಿನಲ್ಲೇ ಬರೆಯಬೇಕು, ತಪ್ಪಾದರೆ ಒಂದು ಗೆರೆ ಎಳೆಯಬೇಕು, ರಬ್ಬರ್ ಕೂಡದು ಎಂಬ ನಿಯಮವೊಂದೇ ಅರ್ಧ ಕೆಲಸ ಮಾಡುತ್ತದೆ. ಗೆರೆ ಎಳೆದ ಅಳತೆಗೆ ಅಂಕ ಕಳೆಯುವುದಿಲ್ಲವೆಂದು ಮೊದಲೇ ಹೇಳಿರಬೇಕು.

ನಮ್ಮ ಅಧ್ಯಾಪಕರಲ್ಲಿ ನನ್ನ ಕೋರಿಕೆ ಇಷ್ಟೆ. ಭೌತವಿಜ್ಞಾನದ ಪ್ರತಿ ಪ್ರಶಿಕ್ಷಣಾರ್ಥಿಯೂ ಇಂಟರ್ನ್‌ಶಿಪ್ ಅವಧಿಯಲ್ಲಿ ಕನಿಷ್ಠ ಎರಡು ಪ್ರಯೋಗಗಳಿಗೆ ಇಂಥ ಪರೀಕ್ಷೆಯನ್ನು ಸಜ್ಜುಗೊಳಿಸಲಿ. ಉಪಕರಣಗಳ ನಂಬರ್, ತಾನೇ ಮಾಡಿ ಪಡೆದ ಬೆಲೆ, ಒಪ್ಪಬಹುದಾದ ವ್ಯಾಪ್ತಿ, ಮೌಖಿಕ ಪ್ರಶ್ನೆಗಳು, ಅಂಕ ಹಂಚಿಕೆ ಇವಿಷ್ಟನ್ನೂ ಒಂದು ಪುಸ್ತಕದಲ್ಲಿ ಬರೆಯಲಿ. ಅದನ್ನು ಪಾಠಯೋಜನೆಯಂತೆಯೇ ತಿದ್ದಿ, ಅಂಕ ಕೊಡಿ. ಮುಂದಿನ ತಂಡ ಶಾಲೆಗಳಿಗೆ ಹೊರಡುವ ಮೊದಲೇ ನಮ್ಮ ಪ್ರಯೋಗಾಲಯದಲ್ಲಿ ಇದನ್ನು ಆರಂಭಿಸಬಹುದು. ಸಿದ್ಧತೆಗೆ ಕೈಜೋಡಿಸಲು ನಾನಿದ್ದೇನೆ.